ಕಲೆ ನಿಂತ ಮೇಲೆ

ನಾಯಿ ಮಲಗುವ ಚಾದರವನ್ನು ಅವಳು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು. ಒಂದು ಹನಿ ಕಲೆಯೂ ಇರಲಿಲ್ಲ. ಲಾಂಡ್ರಿ ನಡೆಸುವವಳಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು?

"ನಿಂತೋಯ್ತು ನೋಡಿ! ಪೀಡೆ ಕಳೀತು," ಎಂದು ಇಸ್ತ್ರಿ ಮಾಡುತ್ತಿದ್ದ ಗಂಡನಿಗೆ ಕೂಗಿ ಹೇಳಿದಳು.

ಹನ್ನೆರಡು ದಿನದಿಂದ ಅವರ ನಾಯಿ ಬೂದಿ ಮಲಗಿದಲ್ಲೆಲ್ಲ ಹಳದಿ ಬೆರೆತ ಕಂದು ಲೋಳೆ. ಬೆದೆಗೆ ಬಂದು ಹೋಗಿ ತಿಂಗಳ ಮೇಲಾಗಿತ್ತು; ಇದೂ ಅದರದೇ ಬಾಲಂಗೋಚಿ ಎಂದುಕೊಂಡಿದ್ದಳು. ಊರವರ ಎಂಥೆಂಥ ಕೊಳೆಯನ್ನೋ ಉಜ್ಜಿ ತೆಗೆದವಳಿಗೆ ಈ ಕೊಳೆತ ನಾತ ಮಾತ್ರ ತಡೆಯಲಾಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ದಿನಕ್ಕೆ ಎರಡು ಸಲ ಚಾದರವನ್ನು ಕುದಿನೀರಿಗೆ ಅದ್ದುತ್ತಿದ್ದಳು. ನಾಯಿ ಹತ್ತಿರ ಬಂದರೆ ಕಾಲಿನಿಂದಲೇ ದೂಡುತ್ತಿದ್ದಳು. ಅದು ಬಕೆಟ್ಟುಗಟ್ಟಲೆ ನೀರು ಕುಡಿದು ಕಂಡಲ್ಲಿ ಉಚ್ಚೆ ಹೊಯ್ಯತೊಡಗಿದಾಗ ನೀರಿನ ಬಟ್ಟಲನ್ನೇ ಎತ್ತಿಟ್ಟಿದ್ದಳು.

ಈಗ ಕರೆದರೆ ಬೂದಿ ಏಳಲಿಲ್ಲ. ಹಾಕಿದ ಊಟ ಹಾಗೇ ಒಣಗಿತ್ತು. ಹೊಟ್ಟೆ ಮಾತ್ರ ಗುಡಾಣ.

"ಬಸುರಿ ಇರ್ಬೇಕು ಬಿಡೇ," ಗಂಡ ನಕ್ಕ. "ಒಂದ್ಸಲ ಮರಿ ಹಾಕ್ಲಿ ಅಂತಾನೇ ಆಪರೇಷನ್ ಬೇಡ ಅಂದಿದ್ದು ನಾನು."

"ಗೇಟು ದಾಟಿಲ್ಲ ಅದು. ಗಾಳಿಗೆ ಬಸುರಾಯ್ತಾ?"

ಅಷ್ಟರಲ್ಲಿ ಬೂದಿ ಹಸಿರು ಹಸಿರಾಗಿ ಕಕ್ಕಿತು. ಗಂಡನ ನಗು ನಿಂತಿತು.

ಗಂಡ ಅದೇ ಚಾದರದಲ್ಲಿ ಸುತ್ತಿ ಎತ್ತಿಕೊಂಡು ತಂದ ಬೂದಿಯ ಹೊಟ್ಟೆ ಮುಟ್ಟಿ ನೋಡಿ ಪಶುವೈದ್ಯೆ, "ಯಾವಾಗಿಂದ ಹೀಗಿದೆ?" ಎಂದು ಕೇಳಿದರು.

"ನಿನ್ನೆಯಿಂದ ಅಷ್ಟೇ, ಡಾಕ್ಟ್ರೇ," ಎಂದ ಗಂಡ.

"ಕೆಳಗಿನಿಂದ ಏನಾದ್ರೂ ಸೋರ್ತಿತ್ತಾ?"

"ಏನಿಲ್ಲ. ಚಾದರ ನೋಡಿ, ಎಷ್ಟು ಕ್ಲೀನಾಗಿದೆ!"

ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳುವವನು. ಅವಳಿಗೆ ಗಂಡನ ಮೇಲೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚು ತನ್ನ ಮೇಲೆ.

"ಹನ್ನೆರಡು ದಿನ ಸೋರ್ತು," ಎಂದಳು. "ಕೆಟ್ಟ ನಾತ. ಚಾದರ ತೊಳೆದು ತೊಳೆದು ಇಟ್ಟೋಳು ನಾನೇ. ನಿಂತಿದ್ದು ನೋಡಿ ವಾಸಿಯಾಯ್ತು ಅಂದ್ಕೊಂಡೆ. ನೀರೂ ಕೊಡ್ಲಿಲ್ಲ ಅದಕ್ಕೆ."

ಸ್ಕ್ಯಾನ್ ಮಾಡಿದ ವೈದ್ಯೆ ತಲೆಯಾಡಿಸಿದರು. "ವಾಸಿಯಾಗಿ ನಿಂತಿದ್ದಲ್ಲಮ್ಮ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದೆ. ಕೀವೆಲ್ಲ ಒಳಗೇ ತುಂಬ್ತಿದೆ. ಒಡೆಯೋಕೆ ಮುಂಚೆ ಗರ್ಭಕೋಶ ತೆಗೀಬೇಕು, ಈಗ್ಲೇ. ಉಳಿಯುತ್ತೆ ಅಂತ ಮಾತು ಕೊಡಲ್ಲ. ಸೋರೋಕೆ ಶುರುವಾದಾಗ್ಲೇ ಬಂದಿದ್ರೆ..." ಮಾತು ಅಲ್ಲಿಗೇ ಬಿಟ್ಟು ಸೂಜಿಗೆ ಮತ್ತಿನ ಔಷಧಿ ಎಳೆದುಕೊಂಡರು. "ಹಿಡ್ಕೊತೀರಾ?"

ಗಂಡ ಆಗಲೇ ಮೂಗು ಮುಚ್ಚಿಕೊಂಡು ಹೊರಗೆ ನಡೆದಿದ್ದ. ಅವಳು ಮುಂದೆ ಬಂದು ಬೂದಿಯ ಕುತ್ತಿಗೆಯ ಕೆಳಗೆ ಕೈ ಕೊಟ್ಟಳು. ಎಷ್ಟೋ ದಿನದ ಮೇಲೆ ಅದನ್ನು ಮುಟ್ಟಿದ್ದು. ಮೈ ಕೆಂಡದಂತೆ ಸುಡುತ್ತಿತ್ತು, ಬಾಲದ ಬುಡದಿಂದ ಅದೇ ನಾತ ಬಂತು.

ಬೂದಿ ಕಷ್ಟಪಟ್ಟು ಮೂತಿ ತಿರುಗಿಸಿ, ಬ್ಲೀಚಿಂಗ್ ಪುಡಿ ನಾರುತ್ತಿದ್ದ ಅವಳ ಅಂಗೈಯನ್ನು ನಿಧಾನವಾಗಿ ಮೂಸಿತು. ಆಮೇಲೆ ಗದ್ದವನ್ನು ಅಲ್ಲೇ ಇಟ್ಟು ಕಣ್ಣು ಮುಚ್ಚಿತು.