ತಾಟಕಿಯ ದನಿ

ಬೆಳಗಾವಿಯಲ್ಲಿ ಅಪ್ಪನಿಂದ ಹಾರ್ಮೋನಿಯಂ ಕಲಿತ ಮಾಂತು, ಪುಣೆಗೆ ಬಂದು ಧನಕವಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಎರಡನ್ನೂ ಒಂದೇ ಗಾಡಿಗೆ ಹೂಡಬೇಕೆಂಬ ಹಟ ಅವನಿಗೆ. ತೊಂಬತ್ತೆಂಟರಲ್ಲಿ ಪಡಸಾಲೆಗೇ ಕಂಪ್ಯೂಟರ್ ತಂದು, ಕೀಬೋರ್ಡ್ ಜೋಡಿಸಿ ಸಂಗೀತ ಹೆಣೆಯತೊಡಗಿದ. ತಬಲಾ, ಸಿತಾರ, ಕೊಳಲು ಎಲ್ಲ ಆ ಪೆಟ್ಟಿಗೆಯಿಂದಲೇ ಬರುತ್ತಿದ್ದವು.

"ಇಷ್ಟು ಮಂದಿ ಒಳಗ ಕುಂತಾರಲ್ಲೋ, ಅವರಿಗೆ ಊಟಕ್ಕ ಯಾರು ಹಾಕ್ತಾರ?" ಎಂದು ತಾಯಿ ಸಾವಂತ್ರವ್ವ ಕೇಳಿದ್ದಳು.

ಮರುವರ್ಷ ನೃತ್ಯ ಕಲಿಸುವ ಪ್ರಾಚಿ ತನ್ನ ರಾಮಾಯಣ ರೂಪಕಕ್ಕೆ ಸಂಗೀತ ಮಾಡಿಕೊಡಲು ಕೇಳಿದಳು. ಮಾಂತುವಿಗೆ ಅದೇ ಮೊದಲ ದೊಡ್ಡ ಕೆಲಸ. ತಾಟಕಿ ರಂಗಕ್ಕೆ ಬರುವ ಭಾಗ ಕೇಳಿ ಪ್ರಾಚಿ ಮುಖ ಸಣ್ಣದು ಮಾಡಿದಳು.

"ಸರ್, ತಾಳ ಅದ, ಸ್ವರ ಅದ. ಆದ್ರ ರಾಕ್ಷಸಿ ಬಂದಂಗ ಇಲ್ರಿ, ಲಿಫ್ಟ್ ಬಂದಂಗ ಅದ."

ನೊಂದುಕೊಂಡ ಮಾಂತು ಮರುದಿನ ಮೈಕು ಹಚ್ಚಿ ನಿಜವಾದ ತಂಬೂರಿಯನ್ನೇ ಮೀಟುತ್ತ ಕುಳಿತ. ಅಷ್ಟರಲ್ಲಿ ಬಾಗಿಲಲ್ಲಿ ಸಾವಂತ್ರವ್ವ ಕಾಯಿಪಲ್ಲೆ ಮಾರುವ ಶ್ಯಾಮನ ಮೇಲೆ ಹರಿಹಾಯ್ದಳು. "ಏ ಶ್ಯಾಮ! ಇವು ಬದನಿಕಾಯೇನೋ, ಹುಳದ ಮನೀನೋ!"

ರೆಕಾರ್ಡಿಂಗ್ ಕೆಟ್ಟಿತೆಂದು ಅಳಿಸಹೋದ ಮಾಂತು, ಕೇಳಿ ದಂಗಾದ. ಅವ್ವನ 'ಏ' ಸರಿಯಾಗಿ ಷಡ್ಜ ಹಿಡಿದಿತ್ತು; 'ಬದನಿಕಾಯೇನೋ' ಕೂದಲೆಳೆಯೂ ತಪ್ಪದೆ ಪಂಚಮಕ್ಕೆ ನೆಗೆದಿತ್ತು. ಕಂಪ್ಯೂಟರಿನಲ್ಲಿ ಆ ಮಾತು ಕತ್ತರಿಸಿ, ನಿಧಾನ ಮಾಡಿ, ದನಿ ತಗ್ಗಿಸಿದ. ಪೆಟ್ಟಿಗೆಯಿಂದ ತಾಟಕಿಯೇ ಎದ್ದು ಬಂದಳು.

ಆದರೆ ಬೇಕಿದ್ದದ್ದು ಮೂರು ನಿಮಿಷದ ಸಿಟ್ಟು. "ಅವ್ವಾ, ದೇವಿ ಪಾತ್ರಕ್ಕ ನಿನ್ನ ದನಿ ಬೇಕು. ಸ್ವಲ್ಪ ಬೈ" ಎಂದು ಅಂಗಲಾಚಿದ. ತಾಟಕಿ ಎನ್ನಲು ಧೈರ್ಯ ಬರಲಿಲ್ಲ.

ಸಾವಂತ್ರವ್ವ ಇಳಕಲ್ ಸೀರೆಯುಟ್ಟು ಮೈಕಿನ ಮುಂದೆ ಕುಳಿತಳು. ಗಂಟಲು ಸರಿಮಾಡಿಕೊಂಡು ರೇಡಿಯೊದವರಂತೆ ಶುರುಮಾಡಿದಳು: "ನಮಸ್ಕಾರ. ಶ್ಯಾಮ ಅವರೇ, ತಮ್ಮ ಬದನೆಕಾಯಿಗಳು ಅಷ್ಟು ಚೆನ್ನಾಗಿಲ್ಲ."

ಮಾಂತು ಹಣೆ ಚಚ್ಚಿಕೊಂಡ. ಕೆಣಕಿ ನೋಡಿದ: "ಇಂದಾಪುರದ ಚಿಗವ್ವನ ರೊಟ್ಟಿ ನಿನ್ನ ರೊಟ್ಟಿಗಿಂತ ತೆಳ್ಳಗ ಇರ್ತಾವ."

"ಹೌದಪ್ಪಾ, ಆಕಿ ಕೈ ಭಾಳ ಚೊಲೊ" ಎಂದಳು, ಮೈಕಿನಿಂದ ಕಣ್ಣು ಕೀಳದೆ.

ನಾಲ್ಕು ದಿನ ಹೀಗೇ ಕಳೆದವು. ಕೊನೆಗೆ ಮಾಂತು ಸೋತು ಹೇಳಿದ: "ಬಿಡವ್ವಾ, ನಿನ್ನ ಕೈಲೆ ಆಗೂದಿಲ್ಲ. ಕಂಪ್ಯೂಟರಿನ್ಯಾಗನ ಹೆಂಗಸಿನ ದನಿ ಒಂದು ಅದ, ಅದನ್ನ ಹಾಕ್ತೀನಿ."

"ಏನಂದಿ?"

ಅಷ್ಟೇ ಸಾಕಾಯಿತು. ಹುಟ್ಟುವಾಗ ಕೊಟ್ಟ ತ್ರಾಸಿನಿಂದ ಹಿಡಿದು, ಮೊನ್ನೆ ಒಲೆಯ ಮೇಲೆ ಮರೆತ ಹಾಲಿನವರೆಗೆ ಎದ್ದು ನಿಂತು ಹನ್ನೊಂದು ನಿಮಿಷ ಅವನ ಜನ್ಮ ಜಾಲಾಡಿದಳು. ಮಾಂತು ತಲೆ ತಗ್ಗಿಸಿ, ಪರದೆಯ ಮೇಲೆ ಅವಳ ದನಿಗೆ ಕೆಂಪಗೆ ಕುಣಿಯುವ ಗೆರೆಗಳನ್ನೇ ನೋಡುತ್ತ ಮನಸ್ಸಿನಲ್ಲೇ ಕೈಮುಗಿದ.

ಪ್ರದರ್ಶನದ ದಿನ ತಾಟಕಿ ರಂಗಕ್ಕೆ ಬಂದಾಗ ಮುಂದಿನ ಸಾಲಿನವರು ಕುರ್ಚಿಗೆ ಒತ್ತಿ ಹಿಂದೆ ಸರಿದರು. ಎಲ್ಲೋ ಒಂದು ಕೂಸು ಚಿಟ್ಟನೆ ಚೀರಿತು. ಮಾಂತು ತಾಯಿಯತ್ತ ತಿರುಗಲೇ ಇಲ್ಲ. ಸಾವಂತ್ರವ್ವ ಪಕ್ಕದಾಕೆಯನ್ನು ಮೊಣಕೈಯಿಂದ ತಿವಿದಳು: "ಅದು ನನ್ನ ದನಿ. ಬಾಕಿ ಎಲ್ಲಾ ಮಷೀನು."

ಹೊರಗೆ ಬಂದ ಮೇಲೆ ಮಗನನ್ನು ತಡೆದಳು. "ದೇವಿ ಅಂದಿದ್ದಿಯಲ್ಲೋ?"

"ತಪ್ಪಾತವ್ವಾ."

"ಇರಲಿ ಬಿಡು. ರಂಗದಾಗ ದೇವಿ ಬರೇ ಕೈ ಎತ್ತಿ ನಿಂತಿದ್ಳು, ಒಂದು ಮಾತಿಲ್ಲ."

ಆ ಮೂರು ನಿಮಿಷದಿಂದ ಮಾಂತುವಿಗೆ ನಾಟಕದವರು, ಜಾಹೀರಾತಿನವರು ಮನೆ ಹುಡುಕಿಕೊಂಡು ಬಂದರು. ಎರಡು ಸಾವಿರದ ಎರಡರಲ್ಲಿ ಅವನ ಮೊದಲ ಸೀಡಿ ಬರುವಾಗ, ಹೊದಿಕೆಯ ಮೇಲೆ 'ಹಿನ್ನೆಲೆ ಧ್ವನಿ: ಸಾವಂತ್ರವ್ವ' ಎಂದಿತ್ತು. ಅವಳು ಕನ್ನಡಕ ಏರಿಸಿ ಓದಿ, ವಾಪಸು ಕೊಟ್ಟಳು.

"ಹಿನ್ನೆಲೆ ಯಾಕೋ? ನಾ ನಿನ್ನ ಮುಂದ ನಿಂತ ಬೈದೀನಿ."

ಮಾಂತು ಹೊದಿಕೆಯನ್ನು ಮತ್ತೆ ಅಚ್ಚು ಹಾಕಿಸಿದ.