ಗಾಜಿಗೆ ಅಂಟಿಸಿದ ನಿಯಮ

ಬಕೆಟ್ ಅಜ್ಜಿಗೆ ವಿಪರೀತ ಮಂಡಿನೋವು. ಆದರೂ ಬಕೆಟ್ ಎಳೆದುಕೊಂಡು ಸಂಸ್ಥೆಯೊಂದರ ಹನ್ನೊಂದು ಕೋಣೆಗಳ ನೆಲವನ್ನು ಕೂತೇ ಒರೆಸುತ್ತಿದ್ದಳು. ನಿಂತೇ ಒರೆಸುವ ಕೋಲು ಕೊಡಿಸಿ ಎಂದು ಕೇಳಿ ಕೇಳಿ ಬಾಯಿ ನೋವು ಬಂದಿತ್ತು. ಬಡ ಕುಟುಂಬಗಳಿಗೆ ಆಸರೆ ಕೊಡುವ ಸಂಸ್ಥೆಯಂತೆ ಅದು. ಅಜ್ಜಿಯ ಮಂಡಿ ಮಾತ್ರ ಯಾವ ಕುಟುಂಬಕ್ಕೂ ಸೇರಿರಲಿಲ್ಲ.

ಅಲ್ಲಿ ಪ್ರತಿ ಬಾಗಿಲಿಗೂ ಒಂದು ಗಾಜು. ಕೊನೆಯ ಕೋಣೆಯ ಗಾಜಿನ ಮೇಲೆ ಮಾತ್ರ ಹೋದ ತಿಂಗಳಿಂದ ಪೋಸ್ಟರ್. ಅಂಟಿಸಿದವಳು ಅಜ್ಜಿಯೇ. ಸಂಸ್ಥೆಯ ಕಾರ್ಯದರ್ಶಿ, ಎಲ್ಲರ ಬಾಯಲ್ಲಿ ದೊಡ್ಡ ಸರ್, ತಾವೇ ಕೈಗೆ ಕೊಟ್ಟು, "ಮಕ್ಕಳ ಒಳ್ಳೇದಕ್ಕೆ ಅಜ್ಜಿ. ಸೊಟ್ಟ ಆಗ್ಬಾರ್ದು" ಅಂದಿದ್ದರು. ಓದಲು ಬಾರದ ಅಜ್ಜಿ ಒಂದು ಗುಳ್ಳೆಯೂ ಏಳದಂತೆ ಅಂಟಿಸಿ ಬೀಗಿದ್ದಳು. ಅಂದಿನಿಂದ ಆ ಕೋಣೆ ಒರೆಸುವುದು ಬೇಡ ಎಂದಾಯಿತು.

ಅಲ್ಲಿ ದೊಡ್ಡ ಸರ್ ವಿಶೇಷ ಪಾಠ ಶುರುಮಾಡಿದರು. ಒಂದು ಸಲಕ್ಕೆ ಒಂದೇ ಮಗು. ಹೊಲಿಗೆ ಕಲಿಯಲು ಬರುವ ಹೆಂಗಸೊಬ್ಬಳ ಎಂಟು ವರ್ಷದ ಮಗಳು ಬಕೆಟ್ಟಿನ ನೊರೆಗೂ ಕಥೆ ಹೇಳುವ ಬಾಯಿಬಡುಕಿ. ಈಗ ಮಾತೇ ಇಲ್ಲ. ಪಾಠದ ದಿನ ಒಂದರ ಮೇಲೊಂದು ಎರಡು ಅಂಗಿ ಹಾಕಿಕೊಂಡು ಬರುತ್ತಾಳೆ. ಕೇಳಿದರೆ ಚಳಿ ಅನ್ನುತ್ತಾಳೆ. ಹಣೆಯಲ್ಲಿ ಬೆವರು ಇಳಿಯುತ್ತಿರುತ್ತದೆ.

ಅಜ್ಜಿ ಮ್ಯಾನೇಜರಮ್ಮನ ಹತ್ತಿರ ಹೋದಳು.

"ಅಮ್ಮಾ, ಆ ಮಗು ಯಾಕೋ ಹೆದರ್ಕೊಂಡಿದೆ."

"ಬರೆದು ದೂರಿನ ಪೆಟ್ಟಿಗೆಗೆ ಹಾಕು."

"ನಂಗೆಲ್ಲಿ ಬರೆಯೋಕೆ ಬರುತ್ತೆ? ಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇದೆ?"

"ದೊಡ್ಡ ಸರ್ ಹತ್ರ." ಮ್ಯಾನೇಜರಮ್ಮ ತಲೆ ಎತ್ತಲಿಲ್ಲ. "ನೀನು ನೆಲ ನೋಡ್ಕೊ ಅಜ್ಜಿ. ಮುಖ ನೋಡೋಕೆ ಹೋಗ್ಬೇಡ."

ಗುರುವಾರ ಮಧ್ಯಾಹ್ನ ಹುಡುಗಿ ಕೊನೆಯ ಬಾಗಿಲ ಮುಂದೆ ನಿಂತಿದ್ದಳು. ಪೋಸ್ಟರ್ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು.

"ಏನು ಬರ್ದಿದೆ ಪುಟ್ಟಿ?"

"ಮಕ್ಕಳ ರಕ್ಷಣೆಯ ನಿಯಮಗಳು." ಎಳೆದೆಳೆದು ಓದುತ್ತಾ ಹೋದಳು. "ನಾಲ್ಕು. ದೊಡ್ಡವರು ಮಗುವಿನ ಜೊತೆ ಒಬ್ಬರೇ ಇರುವಾಗ, ಬಾಗಿಲಿನ ಗಾಜಿಗೆ ಏನನ್ನೂ ಅಡ್ಡ ಹಾಕಬಾರದು."

ಅಜ್ಜಿಯ ಕೈ ಪೋಸ್ಟರಿನ ಅಂಚಿಗೆ ಹೋಯಿತು.

"ಅಜ್ಜಿ, ಮೊದಲಿಂದ ಇನ್ನೊಂದ್ಸಲ ಓದ್ಲಾ?"

ಒಳಗಿನಿಂದ ದೊಡ್ಡ ಸರ್ ದನಿ ಬಂತು. "ಬಾ ಮರಿ, ಹೊತ್ತಾಯ್ತು."

ಅಂಟಿಸಿದ್ದು ಇದೇ ಕೈ. ಅಜ್ಜಿ ಹುಡುಗಿಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಒದ್ದೆ ಬಟ್ಟೆಯನ್ನು ಪೋಸ್ಟರಿಗೆ ಒತ್ತಿ, ಉಗುರಿನಿಂದ ಕೆರೆಯತೊಡಗಿದಳು.

ಮ್ಯಾನೇಜರಮ್ಮ ಓಡಿ ಬಂದಳು. "ಏಯ್, ಕೆಲಸ ಹೋಗುತ್ತೆ ನೋಡು!"

"ಗಾಜು ಒರ್ಸೋದೇ ನನ್ ಕೆಲಸ."

ಗಲಾಟೆಗೆ ಪಕ್ಕದ ಕೋಣೆಯ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಹೆಂಗಸರು ಹೊರಬಂದರು. ಹುಡುಗಿಯ ತಾಯಿ ಗಾಬರಿಯಿಂದ, "ಸರ್ ಸಿಟ್ಟಾದ್ರೆ ನಮ್ಗೆ ರೇಷನ್ ಯಾರು ಕೊಡ್ತಾರೆ ಅಜ್ಜಿ?" ಅಂದಳು. ಹೇಳುತ್ತಲೇ ಮಗಳ ಹೆಗಲು ಹಿಡಿದಳು. ಕೈಗೆ ಎರಡು ಅಂಗಿ ಸಿಕ್ಕವು.

ತಾಯಿ ಪೋಸ್ಟರ್ ಕಿತ್ತುಬಂದ ಗಾಜಿಗೆ ಹಣೆ ಒತ್ತಿ ನೋಡಿದಳು. ಪಾಠದ ಕೋಣೆಯಲ್ಲಿ ಪುಸ್ತಕವಿಲ್ಲ, ಕಪ್ಪು ಹಲಗೆಯಿಲ್ಲ. ಇದ್ದದ್ದು ಒಂದೇ ಕುರ್ಚಿ. ಅದರಿಂದ ಎದ್ದ ದೊಡ್ಡ ಸರ್ ಬಾಗಿಲಿಗೆ ಬಂದು ಒಳಗಿನಿಂದ ಚಿಲಕ ಹಾಕಿದರು.

"ಹಾಕ್ಕೊಳ್ಲಿ" ಅಂದಳು ಅಜ್ಜಿ. "ಹೊರಗೆ ಬರ್ಲೇಬೇಕಲ್ಲ."

ನೋಯುವ ಮಂಡಿ ಮಡಿಸಿ ಬಾಗಿಲಿಗೆ ಅಡ್ಡ ಕೂತಳು. ಮಗಳನ್ನು ಮಡಿಲಿಗೆ ಎಳೆದುಕೊಂಡು ತಾಯಿ ಪಕ್ಕದಲ್ಲಿ ಕೂತಳು. ಆಮೇಲೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೂತರು.