ಕಾಣೆಯಾದ ವಾಲ್ವು

ನಮ್ಮ ರೇಡಿಯೋ ಗುಂಡಿ ತಿರುಗಿಸಿದ ಕೂಡಲೇ ಮಾತಾಡುವುದಿಲ್ಲ. ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗಬೇಕು. ಅಷ್ಟರಲ್ಲಿ ನಾನು ಮಗಳ ಒಂದು ಜಡೆ ಹೆಣೆದು ಮುಗಿಸುತ್ತೇನೆ. ನನಗೆ ಹಿತವಾದ ಆ ಹೊತ್ತು ಯಜಮಾನರಿಗೆ ಉರಿ.

"ನನ್ನ ಜತೆ ದುಡಿಯೋ ಕುತುಬುದ್ದೀನ್ ಟ್ರಾನ್ಸಿಸ್ಟರ್ ತಂದಾನೆ. ಗುಂಡಿ ಒತ್ತಿದ್ರೆ ಹಾಡು! ಇದೇನಿದು, ಹಂಡೆ ನೀರು ಕಾಸಿದಂಗೆ," ಎಂದು ಹರಿಹರದ ಕಾರ್ಖಾನೆಗೆ ರೈಲು ಹಿಡಿಯಲು ಹೊರಡುವಾಗ ದಿನವೂ ಗೊಣಗುತ್ತಿದ್ದರು.

ಟ್ರಾನ್ಸಿಸ್ಟರ್ ಬಂದರೆ ಅವರ ಹೆಗಲೇರಿ ಹರಿಹರಕ್ಕೇ ಹೋಗುತ್ತದೆ, ಮನೆ ಮೂಕವಾಗುತ್ತದೆ ಎಂದು ನನಗೆ ಭಯ.

ಸೋಮವಾರ ರೇಡಿಯೋ ಸುಮ್ಮನಾಯಿತು. ರಿಪೇರಿಯ ರಜಾಕ್ ಬಂದು ಹಿಂಬದಿಯ ರಟ್ಟು ಸರಿಸಿ ನೋಡಿದ.

"ಸುಟ್ಟಿಲ್ಲಕ್ಕಾ. ಒಂದು ವಾಲ್ವೇ ಇಲ್ಲ. ಯಾರೋ ಕಿತ್ತಾರೆ."

ಸಂಜೆ ಯಜಮಾನರನ್ನು ಕೇಳಿದೆ. "ನೀವೇನಾದ್ರೂ ತೆಗದ್ರಾ?"

"ನಾನ್ಯಾಕ ತೆಗೀಲಿ? ಹುಚ್ಚು ಹಿಡಿದೈತಾ ನಿನಗೆ?"

ನಂಬಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಅವರ ಅಂಗಿಯ ಜೇಬು ತಡಕಿದೆ. ಅದನ್ನು ಅವರು ಕಂಡರು. ಮರುದಿನ ಊಟದ ಡಬ್ಬಿ ಬಿಟ್ಟು ರೈಲಿಗೆ ಹೋದರು.

ಮಧ್ಯಾಹ್ನ ಅತ್ತೆ ಮೈಲಮ್ಮನ ಎಲೆಯಡಿಕೆ ಚೀಲ ಒಗೆಯಲು ಎತ್ತಿಕೊಂಡೆ. ಅವರು ಬಿಡದೆ ಎಳೆದರು. ಒಳಗೆ ಗಾಜು ಕಿಣಿ ಎಂದಿತು. ಎಲೆಗಳ ನಡುವೆ, ಸುಣ್ಣ ಮೆತ್ತಿಕೊಂಡು, ವಾಲ್ವು!

"ಇದಿಲ್ದಿದ್ರೆ ಸದ್ದೇ ಬರಲ್ಲ ಅಂತ ಹೋದ ಸಲ ರಜಾಕನೇ ಕಿತ್ತು ತೋರ್ಸಿದ್ನಲ್ಲ. ಇದು ಕೆಟ್ರೆ ನನ್ನ ಮಗ ಟ್ರಾನ್ಸಿಸ್ಟರ್ರು ತರ್ತಾನೆ ಅಂತ ತೆಗೆದೆ. ಅದನ್ನ ದಿಂಬಿನ ಪಕ್ಕ ಇಟ್ಕಬೌದಂತೆ. ಎಪ್ಪತ್ತೆರಡು ಆತು ತಾಯಿ, ಇದು ಬಿಸಿ ಆಗೋ ತನಕ ಯಾರು ಕೂರ್ತಾರೆ? ಅವನಿಗೆ ಹೇಳಬ್ಯಾಡ."

"ನಿಮ್ಮ ಮಗನ್ನ ಕಳ್ಳ ಮಾಡಿದ್ನಲ್ರೀ ನಾನು!"

ಅತ್ತೆ ಬಾಯ್ತುಂಬ ಎಲೆ ಹಾಕಿಕೊಂಡರು.

ಸಂಜೆ ಯಜಮಾನರು ಪುಟ್ಟ ಪೊಟ್ಟಣವೊಂದನ್ನು ನನ್ನ ಮುಂದಿಟ್ಟರು. "ಹೊಸ ವಾಲ್ವು. ರಜಾಕನ ಕರೆದು ಹಾಕ್ಸು. ಇನ್ನ ನನ್ನ ಜೇಬು ನೋಡಬ್ಯಾಡ."

ಸೆರಗಿನ ಗಂಟು ಬಿಚ್ಚಿ ಹಳೆಯದನ್ನು ಅವರ ಅಂಗೈಗಿಟ್ಟೆ. "ಮನೇಲೇ ಇತ್ತು. ನಂದೇ ತಪ್ಪಾತು."

ಅವರು ಸುಣ್ಣದ ಕಲೆ ಉಜ್ಜಿ ನೋಡಿದರು. ಆಮೇಲೆ ಅತ್ತೆಯ ಮಂಚದತ್ತ ತಿರುಗಿದರು.

"ಅವ್ವಾ, ನಿನಗೂ ಬೇಕಾ ಟ್ರಾನ್ಸಿಸ್ಟರ್ರು?"

"ತಂದ್ರೆ ಬ್ಯಾಡ ಅಂತೀನಾ?"

ಇಬ್ಬರೂ ನಕ್ಕರು. ನಾನೂ ನಕ್ಕು, ಅವರಿಗೆ ಬಿಸಿ ರೊಟ್ಟಿ ಹಾಕಿದೆ. ಆದರೆ ಆ 'ನಿನಗೂ' ನನ್ನ ಕಿವಿಯಿಂದ ಹೋಗಲಿಲ್ಲ. ರಜಾಕ್ ಹಳೆಯ ವಾಲ್ವನ್ನೇ ಮತ್ತೆ ಕೂರಿಸಿದ ಮೇಲೆ, ಮುಂದೆ ಯಾರು ಕಿತ್ತರೂ ರೇಡಿಯೋ ನಿಲ್ಲದಿರಲಿ ಎಂದು ಹೊಸದನ್ನು ರಾಗಿ ಡಬ್ಬಿಯ ತಳದಲ್ಲಿ ಹೂತಿಟ್ಟೆ. ಎಲ್ಲಿದೆ ಎಂದು ಇಬ್ಬರಿಗೂ ಹೇಳಿಲ್ಲ.